ಮೆಜೆಸ್ಟಿಕ್ ತನಕ

ಅಮ್ಮ ಮೊದಲ ಸಲ ಒಬ್ಬಳೇ ವಿಮಾನ ಹತ್ತಿದ್ದು 2023ರ ಅಕ್ಟೋಬರ್‌ನಲ್ಲಿ. ದೆಹಲಿಯ ನನ್ನ ಮನೆಯಲ್ಲಿ ಒಂದೂವರೆ ತಿಂಗಳು ಇದ್ದು ತಿಪಟೂರಿಗೆ ವಾಪಸು ಹೊರಟಿದ್ದಳು. ಜೊತೆಗೆ ಹೋಗಲು ನನಗೆ ರಜೆ ಇರಲಿಲ್ಲ. ಊರಿನಿಂದ ಯಾರನ್ನಾದರೂ ಕರೆಸೋಣವೆಂದರೆ, ನನ್ನೊಬ್ಬಳಿಗಾಗಿ ಅವರು ತೋಟದ ಕೆಲಸ ಬಿಟ್ಟು ಬರುವುದು ಬೇಡ ಎಂದುಬಿಟ್ಟಳು. ಹಿಂದಿನ ರಾತ್ರಿ ನಾನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ ಅವಳ ಪರ್ಸಿಗೆ ಹಾಕಿದೆ.

"ವಿಮಾನ ಇಳಿದ ಮೇಲೆ ಎಲ್ಲರೂ ಹೋಗುವ ಕಡೆಗೇ ಹೋಗು. ಸೂಟ್‌ಕೇಸು ಸುತ್ತುವ ಬೆಲ್ಟಿನ ಮೇಲೆ ಬರುತ್ತದೆ, ಕೆಂಪು ರಿಬ್ಬನ್ ಕಟ್ಟಿದ್ದೇನೆ. ಹೊರಗೆ ಯಾರು ಟ್ಯಾಕ್ಸಿ ಎಂದು ಕರೆದರೂ ಹೋಗಬೇಡ. ವಾಯು ವಜ್ರ, ಅಂದರೆ ಊರೊಳಗೆ ಹೋಗುವ ಎಸಿ ಬಸ್ಸು, ಎಲ್ಲಿ ನಿಲ್ಲುತ್ತದೆ ಎಂದು ಕೇಳು. ಕೆಐಎ 9 ಎಂಬ ಬೋರ್ಡು ನೋಡಿ ಹತ್ತು. ಸುಮಾರು 250 ರೂಪಾಯಿ ಆಗುತ್ತದೆ. ಮೆಜೆಸ್ಟಿಕ್ಕೇ ಕೊನೆ, ನಡುವೆ ಎಲ್ಲೂ ಇಳಿಯಬೇಡ. ಮೆಜೆಸ್ಟಿಕ್ ಬಂದ ಮೇಲೆ ನಿನಗೇ ಗೊತ್ತು."

ಬರೆಯುವಾಗ ಕೊನೆಯ ಸಾಲಿನ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಆಮೇಲೆ ಅದೇ ಸಾಲು ತಲೆಯಲ್ಲಿ ಉಳಿಯಿತು. ಮೆಜೆಸ್ಟಿಕ್‌ವರೆಗಿನ ದಾರಿಯನ್ನು ಅವಳಿಗೆ ಬಿಡಿಸಿ ಬಿಡಿಸಿ ಹೇಳಬೇಕಿತ್ತು. ಅಲ್ಲಿಂದಾಚೆಗಿನ ದಾರಿಯನ್ನು ಅವಳೇ ನನಗೆ ಕಲಿಸಿದವಳು. ನಾಲ್ಕನೇ ತರಗತಿಯ ರಜೆಯಲ್ಲಿ, ಆ ನೂಕುನುಗ್ಗಲಿನ ನಡುವೆ ನನ್ನ ಮುಂಗೈ ಹಿಡಿದು ತಿಪಟೂರಿನ ಬಸ್ಸು ಯಾವ ಅಂಕಣದಲ್ಲಿ ನಿಲ್ಲುತ್ತದೆ ಎಂದು ತೋರಿಸಿಕೊಟ್ಟವಳು.

ಬೆಂಗಳೂರಿನ ಗೆಳತಿಯರು ವಿಮಾನ ನಿಲ್ದಾಣದ ದೂರದ ಬಗ್ಗೆ ಮಾತನಾಡುವಾಗ ಅವರ ಲೆಕ್ಕ ಮಲ್ಲೇಶ್ವರಕ್ಕೋ ಜಯನಗರಕ್ಕೋ ಮುಗಿಯುತ್ತದೆ. ನಮ್ಮ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ತಿಪಟೂರು, ಅರಸೀಕೆರೆ, ಕಡೂರು, ಹೊಸದುರ್ಗ, ಹುಳಿಯಾರು, ನಾಗಮಂಗಲ, ಹೀಗೆ ಹಳೆ ಮೈಸೂರು ಸೀಮೆಯ ಬಹುತೇಕ ಊರುಗಳ ಜನ ದೂರದ ದೇಶದಿಂದ ಬಂದರೂ ದೂರದ ರಾಜ್ಯದಿಂದ ಬಂದರೂ ಇಳಿಯುವುದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೇ. ಇಳಿದವರಿಗೆ ಬೆಂಗಳೂರಿನಲ್ಲಿ ಕೆಲಸವೇನೂ ಇರುವುದಿಲ್ಲ. ಬೇಕಾಗಿರುವುದು ಮೆಜೆಸ್ಟಿಕ್. ಅಲ್ಲಿ ಕೆಂಪು ಬಸ್ಸು ಇದೆ, ರಸ್ತೆ ದಾಟಿದರೆ ರೈಲು ಇದೆ. ಹಾಗಾಗಿ ವಿಮಾನ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಹೋಗುವ ಸಾರ್ವಜನಿಕ ಸಾರಿಗೆ ಎಂದರೆ ನಗರದ ಒಳಗಿನ ಒಂದು ಸೌಕರ್ಯ ಎಂದಷ್ಟೇ ನನಗೆ ಅನ್ನಿಸುವುದಿಲ್ಲ. ನಮ್ಮ ಊರಿನ ಬಸ್ಸಿನ ಮೊದಲ ಅರ್ಧ ಅದು.

ಈ ದೂರ ಮೊದಲು ಇರಲಿಲ್ಲ. 2008ರ ಮೇ ತನಕ ವಿಮಾನಗಳು ಇಳಿಯುತ್ತಿದ್ದದ್ದು ಊರೊಳಗೇ ಇದ್ದ ಎಚ್‌ಎಎಲ್ ನಿಲ್ದಾಣದಲ್ಲಿ. ಗೇಟಿನ ಹೊರಗೆ ಬಂದರೆ ಮಾಮೂಲಿ ಸಿಟಿ ಬಸ್ಸು ಸಿಗುತ್ತಿತ್ತು. ಮೇ 24ರಂದು ಎಲ್ಲವೂ ದೇವನಹಳ್ಳಿಗೆ ಹೋಯಿತು. ಮೆಜೆಸ್ಟಿಕ್‌ನಿಂದ ಸುಮಾರು 35 ಕಿಲೋಮೀಟರು. ನಾನಾಗ ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ವಿಮಾನವನ್ನು ಒಳಗಿನಿಂದ ನೋಡಿರಲಿಲ್ಲ. ಹಳೆಯ ನಿಲ್ದಾಣವನ್ನು ಮುಚ್ಚಬಾರದು ಎಂದು ಪ್ರತಿಭಟನೆಗಳು ನಡೆಯುತ್ತಿದ್ದವು. ಹೊಸ ನಿಲ್ದಾಣ ತೆರೆದಾಗ ಬಿಎಂಟಿಸಿ ಊರಿನ ಬೇರೆ ಬೇರೆ ಮೂಲೆಗಳಿಂದ ಅಲ್ಲಿಗೆ ವೋಲ್ವೊ ಬಸ್ಸು ಬಿಟ್ಟಿತು. ಅವುಗಳ ಹಣೆಯ ಮೇಲೆ ಆಗ ಇದ್ದದ್ದು ಬಿಐಎಎಸ್ ಎಂಬ ಅಕ್ಷರಗಳು. 2013ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂದ ಮೇಲೆ ಅದು ಕೆಐಎಎಸ್ ಆಯಿತು, ಈಗ ಬರೀ ಕೆಐಎ. ಅಕ್ಷರಗಳು ಬದಲಾದರೂ ಮೆಜೆಸ್ಟಿಕ್‌ನ 9 ಬದಲಾಗಲಿಲ್ಲ. ಅದು ನನಗೆ ಬಹಳ ಇಷ್ಟ. ಜನ ನೆನಪಿಟ್ಟುಕೊಂಡ ಸಂಖ್ಯೆಯನ್ನು ಯಾರೂ ಕಿತ್ತುಹಾಕಲಿಲ್ಲ.

ಅಮ್ಮ ಇಳಿದದ್ದು ಎರಡನೇ ಟರ್ಮಿನಲ್‌ನಲ್ಲಿ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಕಟ್ಟಡ, ಚಾವಣಿಯ ತುಂಬ ಬಿದಿರು, ಮೇಲಿನಿಂದ ಇಳಿಬಿಟ್ಟ ಗಿಡಗಳು. ಅವಳ ಬಾಯಲ್ಲಿ ಅದು ಬಿದಿರು ಮನೆ. "ಇಷ್ಟು ಬಿದಿರು ಕಡಿದು ಯಾವ ಕಾಡಿನಿಂದ ತಂದರೋ" ಎಂದು ಆಮೇಲೆ ಎಷ್ಟು ದಿನ ಹೇಳಿದಳೋ. ಆದರೆ ಆ ಹೊತ್ತಿನಲ್ಲಿ ಅವಳಿಗೆ ಗಾಬರಿಯಾಗಿತ್ತು. ಫೋನ್ ಮಾಡಿದಾಗ ದನಿ ಸಣ್ಣದಾಗಿತ್ತು. ಸೂಟ್‌ಕೇಸು ಸಿಕ್ಕಿದೆ, ಆದರೆ ಯಾವ ಬಾಗಿಲು ಎಂದು ತಿಳಿಯುತ್ತಿಲ್ಲ, ಎಲ್ಲರೂ ಓಡುತ್ತಿದ್ದಾರೆ, ಯಾರನ್ನು ಕೇಳುವುದು ಎಂದಳು. ನಾನು ಕಚೇರಿಯ ಮೆಟ್ಟಿಲಿನ ಮೇಲೆ ನಿಂತು ಇಲ್ಲಿಂದಲೇ ದಾರಿ ಹೇಳಲು ಹೆಣಗುತ್ತಿದ್ದೆ. ಅಷ್ಟರಲ್ಲಿ ಅವಳೇ "ಇರು, ಇಲ್ಲೊಂದು ಹುಡುಗಿ ಗುಡಿಸುತ್ತಿದೆ" ಎಂದು ಫೋನ್ ಇಟ್ಟುಬಿಟ್ಟಳು.

ಆ ಹುಡುಗಿ ಕಸದ ತಳ್ಳುಗಾಡಿಯನ್ನು ಗೋಡೆಯ ಪಕ್ಕಕ್ಕೆ ನಿಲ್ಲಿಸಿ, "ಬಸ್ಸಿಗೆ ಹೋಗಬೇಕೇ ಅಮ್ಮಾ, ಬನ್ನಿ" ಎಂದು ಸೂಟ್‌ಕೇಸನ್ನು ತಾನೇ ಎಳೆದುಕೊಂಡು ಬಾಗಿಲ ತನಕ ಬಂದಳಂತೆ. ಆ ನಾಲ್ಕು ನಿಮಿಷದ ನಡಿಗೆಯಲ್ಲಿ ಅಮ್ಮ ಅವಳ ಜಾತಕವನ್ನೇ ತಿಳಿದುಕೊಂಡಿದ್ದಳು. ಚಿಕ್ಕಜಾಲದ ಹತ್ತಿರದ ಹಳ್ಳಿ, ಅಣ್ಣನ ಬೈಕಿನಲ್ಲಿ ಬರುತ್ತಾಳೆ, ಬೆಳಗಿನ ಪಾಳಿ ಆದರೆ ನಾಲ್ಕು ಗಂಟೆಗೇ ಏಳಬೇಕು, ಎರಡನೇ ವರ್ಷದ ಪಿಯುಸಿಗೆ ಓದು ನಿಂತಿದೆ.

ಹೊರಗೆ ಬಸ್ಸು ನಿಂತಿತ್ತು. ಅಮ್ಮ ಆಮೇಲೆ ಹೇಳಿದ ಮಾತನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ಹೆಗಲಿಗೆ ಚೀಲ ಹಾಕಿದ ಕಂಡಕ್ಟರನ್ನು ಕಂಡ ಮೇಲೆ ನನಗೆ ಧೈರ್ಯ ಬಂತು."

ಅವಳು ಆಯುಷ್ಯವಿಡೀ ಬಸ್ಸಿನಲ್ಲಿ ಓಡಾಡಿದವಳು. ವಿಮಾನ ನಿಲ್ದಾಣದಲ್ಲಿ ಅವಳ ತಿಳಿವಳಿಕೆಯೆಲ್ಲ ನಿಷ್ಪ್ರಯೋಜಕವಾಗಿತ್ತು. ಯಾವುದೋ ಪರದೆ, ಯಾವುದೋ ಕೋಡು, ಯಾವುದೋ ಗೇಟು. ಬಸ್ಸಿನ ಬಾಗಿಲಿಗೆ ಬಂದ ಕೂಡಲೇ ಅದೆಲ್ಲ ಕೈಗೆ ವಾಪಸು ಸಿಕ್ಕಿತು. "ಅಪ್ಪಾ, ಮೆಜೆಸ್ಟಿಕ್‌ಗೆ ಹೋಗುತ್ತದೆ ತಾನೇ?" ಎಂದು ಕೇಳುವುದು ಗೊತ್ತು. ಚಿಲ್ಲರೆಯನ್ನು ಮೊದಲೇ ಮುಷ್ಟಿಯಲ್ಲಿ ಹಿಡಿದಿರುವುದು ಗೊತ್ತು. ಬಿಸಿಲು ಯಾವ ಕಡೆ ಬೀಳುತ್ತದೆ ನೋಡಿಕೊಂಡು ಎದುರು ಬದಿಯ ಕಿಟಕಿ ಹಿಡಿಯುವುದು ಗೊತ್ತು. ವಾಯು ವಜ್ರದಲ್ಲಿ ಸಾಮಾನು ಇಡಲು ಮುಂದಿನ ಭಾಗದಲ್ಲಿ ಕಬ್ಬಿಣದ ಅಟ್ಟಣಿಗೆಯಂತೆ ಮಾಡಿದ್ದಾರೆ. ಕಂಡಕ್ಟರ್ ಅವಳ ಸೂಟ್‌ಕೇಸನ್ನು ಮಲಗಿಸಿ, ಮೇಲೆ ಇನ್ನೊಬ್ಬರದನ್ನು ಹೇರುವ ಮೊದಲು, ಇದರಲ್ಲಿ ಒಡೆಯುವಂಥದ್ದು ಏನಾದರೂ ಇದೆಯೇ ಎಂದು ಕೇಳಿದನಂತೆ. ಇತ್ತು. ನನ್ನ ಮಗಳು ಅಜ್ಜಿಗೆ ಕೊಟ್ಟಿದ್ದ ಬಣ್ಣದ ಕುಡಿಕೆ. ಅದು ತಿಪಟೂರಿಗೆ ಇಡಿಯಾಗಿ ತಲುಪಿತು.

ಇದೇ ಬಸ್ಸಿನಲ್ಲಿ ನಾನು ಎಷ್ಟು ಸಲ ಬಂದಿದ್ದೇನೆಂಬ ಲೆಕ್ಕ ಇಟ್ಟಿಲ್ಲ. ಒಂದು ರಾತ್ರಿಯನ್ನು ಮಾತ್ರ ಮರೆಯಲಾರೆ. 2018ರ ಡಿಸೆಂಬರ್. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಸಂಜೆ ತಮ್ಮ ಫೋನ್ ಮಾಡಿದ. ಸಿಕ್ಕ ವಿಮಾನ ಹತ್ತಿ ಇಳಿಯುವಾಗ ರಾತ್ರಿ ಒಂದು ಗಂಟೆ ದಾಟಿತ್ತು. ಟ್ಯಾಕ್ಸಿಯಲ್ಲಿ ನೇರವಾಗಿ ಊರಿಗೇ ಹೋಗೋಣವೆಂದು ಇಬ್ಬರನ್ನು ಕೇಳಿದೆ. ಒಬ್ಬ ಒಪ್ಪಲಿಲ್ಲ. ಇನ್ನೊಬ್ಬ ನನ್ನ ಮುಖ ನೋಡಿ ಬೆಲೆ ಹೇಳಿದ, ಅಳುತ್ತಿರುವವಳು ಚೌಕಾಸಿ ಮಾಡುವುದಿಲ್ಲ ಎಂಬ ಲೆಕ್ಕದಲ್ಲಿ. ಆಗ ಎದುರಿಗೆ ದೀಪ ಹಾಕಿಕೊಂಡು ನಿಂತಿದ್ದದ್ದು ಕೆಐಎಎಸ್ 9. ಮೆಜೆಸ್ಟಿಕ್ ಬಸ್ಸು ಇರುಳಿಡೀ ಓಡುತ್ತದೆ ಎಂಬುದು ನನಗೆ ಅಲ್ಲಿಯ ತನಕ ಒಂದು ಮಾಹಿತಿ ಮಾತ್ರವಾಗಿತ್ತು.

ಒಳಗೆ ಏಳೆಂಟು ಜನ. ನನ್ನ ಮುಂದಿನ ಸೀಟಿನಲ್ಲಿ ಕೊಲ್ಲಿಯಿಂದ ಬಂದಿಳಿದವನಿರಬೇಕು, ನಡುವಯಸ್ಸಿನ ಒಬ್ಬಾತ. ಅವನ ಸಾಮಾನು ಒಂದು ರಟ್ಟಿನ ಪೆಟ್ಟಿಗೆ. ಅದಕ್ಕೆ ಉದ್ದಕ್ಕೂ ಅಡ್ಡಕ್ಕೂ ಪ್ಲಾಸ್ಟಿಕ್ ಹಗ್ಗ ಸುತ್ತಿ, ಗಂಟಿನ ಮೇಲೆ ಅಂಟುಪಟ್ಟಿ ಒತ್ತಿ, ನಾಲ್ಕೂ ಬದಿಗೆ ಮಾರ್ಕರ್ ಪೆನ್ನಿನಿಂದ ಹೆಸರು, ಊರು, ಮೊಬೈಲ್ ಸಂಖ್ಯೆ ಬರೆದಿದ್ದ. ಊರಿನ ಹೆಸರು ಮಾತ್ರ ಕನ್ನಡದಲ್ಲಿತ್ತು. ಅವನು ಪೆಟ್ಟಿಗೆಯನ್ನು ಅಟ್ಟಣಿಗೆಯಲ್ಲಿ ಇಡಲು ಒಪ್ಪದೆ ಕಾಲ ಬಳಿಯೇ ಇಟ್ಟುಕೊಂಡು, ದಾರಿಯುದ್ದಕ್ಕೂ ಒಂದು ಅಂಗೈಯನ್ನು ಅದರ ಮೇಲೆ ಊರಿಕೊಂಡೇ ಇದ್ದ. ಕಂಡಕ್ಟರ್ ಟಿಕೆಟ್ ಕೊಡಲು ಬಂದವನು ನನ್ನನ್ನು ನೋಡಿ ಒಂದು ಕ್ಷಣ ನಿಂತ. ಏನಾಯಿತು ಎಂದು ಕೇಳಲಿಲ್ಲ. ಮೆಜೆಸ್ಟಿಕ್‌ನಿಂದ ಮುಂದೆ ಎಲ್ಲಿಗೆ ಹೋಗಬೇಕು ಎಂದು ಕೇಳಿದ. ತಿಪಟೂರು ಎಂದೆ. ಬಸ್ಸು ಇಳಿದಾಗ ಅವನು ನನ್ನ ಜೊತೆ ಕೆಎಸ್‌ಆರ್‌ಟಿಸಿ ಕಡೆಯ ದಾಟುವ ಜಾಗದ ತನಕ ನಡೆದು ಬಂದು, ಶಿವಮೊಗ್ಗದ ಬಸ್ಸು ನಿಂತಿದೆ, ಅದು ತಿಪಟೂರಿನ ಮೇಲೇ ಹೋಗುತ್ತದೆ, ಓಡಿ ಎಂದು ಬೆರಳು ತೋರಿಸಿದ. ಓಡಿದೆ. ಬೆಳಗ್ಗೆ ಆರಕ್ಕೆ ಅಪ್ಪನ ಮಂಚದ ಪಕ್ಕದಲ್ಲಿದ್ದೆ. ಅವರು ಆಮೇಲೆ ಹನ್ನೊಂದು ದಿನ ಇದ್ದರು, ಎಚ್ಚರವಾಗಿದ್ದಾಗಲೆಲ್ಲ ಮಾತನಾಡಿದರು.

ಇರುಳ ಬಸ್ಸು ಲಾಭದಲ್ಲಿದೆಯೇ ನಷ್ಟದಲ್ಲಿದೆಯೇ ಎಂಬ ಚರ್ಚೆ ಎಲ್ಲಿ ಕಂಡರೂ ನನಗೆ ಆ ಏಳೆಂಟು ಸೀಟುಗಳು ಕಣ್ಣ ಮುಂದೆ ಬರುತ್ತವೆ.

ಹಗಲಿನಲ್ಲಿ ಈ ದಾರಿಯ ಸುಖವೇ ಬೇರೆ. ದೆಹಲಿಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದವಳಿಗೆ ಬಸ್ಸಿನ ಧ್ವನಿವರ್ಧಕದಲ್ಲಿ ಊರುಗಳ ಹೆಸರು ಕನ್ನಡದಲ್ಲಿ ಒಂದೊಂದಾಗಿ ಕೇಳಿಬರುವುದೇ ಒಂದು ಊಟ. ಸಾದಹಳ್ಳಿ, ಚಿಕ್ಕಜಾಲ, ಹುಣಸಮಾರನಹಳ್ಳಿ, ಯಲಹಂಕ, ಜಕ್ಕೂರು, ಬ್ಯಾಟರಾಯನಪುರ, ಕೊಡಿಗೆಹಳ್ಳಿ, ಹೆಬ್ಬಾಳ. ಗಾಜಿನ ಕಟ್ಟಡಗಳು ಎಷ್ಟೇ ಎದ್ದರೂ ಹೆಸರುಗಳು ಹಳ್ಳಿಗಳಾಗಿಯೇ ಉಳಿದಿವೆ. ಟ್ಯಾಕ್ಸಿಯಲ್ಲಿ ಕುಳಿತರೆ ಈ ಹೆಸರುಗಳನ್ನು ಯಾರೂ ಕೂಗುವುದಿಲ್ಲ.

ಈ ರಸ್ತೆ ಕೆಂಪೇಗೌಡರ ರಸ್ತೆಯೂ ಹೌದು. ವಿಮಾನ ನಿಲ್ದಾಣದ ಆವರಣದಲ್ಲಿ 108 ಅಡಿಯ ಅವರ ಕಂಚಿನ ಪ್ರತಿಮೆ ನಿಂತಿದೆ, ಶಿಲ್ಪಿ ರಾಮ್ ಸುತಾರ್ ಮಾಡಿದ್ದು. ನನಗೆ ಹೆಚ್ಚು ಹತ್ತಿರವಾಗುವುದು ಪ್ರತಿಮೆಯ ಆಚೆಗಿನ ಕಥೆ. ಕೆಂಪೇಗೌಡರ ಪೂರ್ವಿಕರು ವಲಸೆ ಬಂದು ಮೊದಲು ನೆಲೆ ನಿಂತದ್ದು ದೇವನಹಳ್ಳಿಯಿಂದ ಉತ್ತರಕ್ಕಿರುವ ಆವತಿಯಲ್ಲಿ ಎನ್ನುತ್ತದೆ ಐತಿಹ್ಯ. ಅಲ್ಲಿಂದ ಒಂದು ಕವಲು ಯಲಹಂಕಕ್ಕೆ ಇಳಿಯಿತು. ಯಲಹಂಕದ ಆ ಪಾಳೆಯಗಾರರ ಮನೆತನದ ಕೆಂಪೇಗೌಡರು 1537ರಲ್ಲಿ ಇನ್ನೂ ದಕ್ಷಿಣಕ್ಕೆ ಬಂದು ಬೆಂಗಳೂರಿನ ಕೋಟೆ ಪೇಟೆ ಕಟ್ಟಿದರು. ಆವತಿ, ಯಲಹಂಕ, ಬೆಂಗಳೂರು. ವಿಮಾನ ನಿಲ್ದಾಣದ ಬಸ್ಸು ಹಿಡಿಯುವ ದಿಕ್ಕೂ ಅದೇ. ದಾರಿಯಲ್ಲಿ ಮೇಖ್ರಿ ವೃತ್ತದ ಹತ್ತಿರ ಅವರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದು ಇದೆ. ಒಂದಾನೊಂದು ಕಾಲಕ್ಕೆ ಊರು ಅಲ್ಲಿಗೆ ಮುಗಿಯಬೇಕು ಎಂದು ಗುರುತು ಮಾಡಿದ ಜಾಗ. ಬಸ್ಸಿನ ಕಿಟಕಿಯಿಂದ ಅದು ಕಾಣುವುದಿಲ್ಲ, ಆದರೂ ಅಲ್ಲಿಗೆ ಬಂದಾಗ ನಾನು ಎಡಬಲ ನೋಡುತ್ತೇನೆ. ಕೊನೆಗೆ ಬಸ್ಸು ನಿಲ್ಲುವ ಜಾಗದ ಹೆಸರೂ ಕೆಂಪೇಗೌಡ ಬಸ್ ನಿಲ್ದಾಣ. ಅವರ ಹೆಸರಿನಲ್ಲಿ ಹೊರಟು ಅವರ ಹೆಸರಿನಲ್ಲೇ ಇಳಿಯುತ್ತೇವೆ.

ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸು ಗಂಟುಬಿದ್ದಾಗ ಎಲ್ಲರೂ ಗಡಿಯಾರ ನೋಡುತ್ತಾರೆ. ನನಗೆ ಆ ಹೊತ್ತಿಗೆ ಕಿಟ್ಟಯ್ಯ ನೆನಪಾಗುತ್ತಾನೆ. 2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಊರಿನ ಮೇಲೆ ಬಿದ್ದವರೊಡನೆ ಹೋರಾಡಿ ಮಡಿದ ಕಿಟ್ಟಯ್ಯ ಎಂಬವನ ಕಲ್ಲು. ಬೆಂಗಳೂರಿನ ನೆಲದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಬರಹಗಳ ಸಾಲಿಗೆ ಸೇರಿದ್ದು. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು ಎಂದಿದೆ. ದೊಡ್ಡ ಪೊಳಲು, ದೊಡ್ಡ ಊರು. ಹನ್ನೆರಡೂವರೆ ಶತಮಾನದ ಹಿಂದೆಯೇ ದೊಡ್ಡದಾಗಿದ್ದ ಊರಿನ ತಲೆಯ ಮೇಲೆ ನಾವು ಹಾರ್ನ್ ಹೊಡೆಯುತ್ತ ನಿಂತಿರುತ್ತೇವೆ.

ಇನ್ನು ದುಡ್ಡಿನ ಮಾತು. ಆಗ ಟ್ಯಾಕ್ಸಿಗೆ ಸಾವಿರ ರೂಪಾಯಿ ಹಿಡಿಯುತ್ತಿದ್ದ ದಾರಿಗೆ 250ರ ಆಸುಪಾಸಿನ ಟಿಕೆಟ್ಟು ಕಡಿಮೆಯೇ ಆಗಿತ್ತು, ನನಗೆ. ಅಮ್ಮನಿಗೆ ಅದು ಕಡಿಮೆ ಆಗಿರಲಿಲ್ಲ. 2023ರ ಜೂನ್ 11ರಿಂದ ರಾಜ್ಯದಲ್ಲಿ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸು ಮತ್ತು ವೇಗದೂತ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ಹವಾನಿಯಂತ್ರಿತ ಬಸ್ಸುಗಳು ಅದರಲ್ಲಿ ಸೇರಿಲ್ಲವಾದ್ದರಿಂದ ವಾಯು ವಜ್ರಕ್ಕೂ ಅದು ಅನ್ವಯಿಸುವುದಿಲ್ಲ. ಆವತ್ತು ಅಮ್ಮ 35 ಕಿಲೋಮೀಟರಿಗೆ 250 ಕೊಟ್ಟು, ಅಲ್ಲಿಂದ ಅದರ ನಾಲ್ಕು ಪಟ್ಟು ದೂರದ ತಿಪಟೂರಿಗೆ ಆಧಾರ್ ತೋರಿಸಿ ಸೊನ್ನೆಗೆ ಹೋದಳು. ವಿಮಾನದಲ್ಲಿ ಬಂದವರು 250 ಕೊಡಲಾರರೇ ಎಂದು ಯಾರಾದರೂ ಕೇಳಬಹುದು. ಕೊಡಬಹುದು. ನಾನು ಯೋಚಿಸುವುದು ಆ ಗುಡಿಸುವ ಹುಡುಗಿಯನ್ನು. ಟರ್ಮಿನಲ್ ಬಾಗಿಲಿನಲ್ಲಿ ನಿಂತು ಹೊರಡುವ ಬಸ್ಸು ಅವಳ ಊರಿನ ಮುಂದೆಯೇ ಹಾದುಹೋಗುತ್ತದೆ, ಆದರೆ ದಿನವೂ ಆ ಟಿಕೆಟ್ಟಿಗೆ ದುಡ್ಡು ಕೊಡುವ ಸಂಬಳ ಅವಳದ್ದಲ್ಲ. ಶೂನ್ಯ ಟಿಕೆಟ್ ಸಿಗುವ ದೇವನಹಳ್ಳಿಯ ಸಾಮಾನ್ಯ ಬಸ್ಸು ಹೆದ್ದಾರಿಯಲ್ಲೇ ನೇರ ಹೋಗುತ್ತದೆ, ಬಾಗಿಲ ತನಕ ಬರುವುದಿಲ್ಲ. ಹೀಗಾಗಿ ಅಣ್ಣನ ಬೈಕು. ಒಂದು ವಿಮಾನ ನಿಲ್ದಾಣಕ್ಕೆ ಪ್ರಯಾಣಿಕರಂತೆ ಕೆಲಸಗಾರರೂ ದಿನವೂ ಬರುತ್ತಾರೆ, ಇರುಳಲ್ಲೂ ಬರುತ್ತಾರೆ. ಪಾಳಿಯ ಸಮಯಕ್ಕೆ ಹೊಂದಿಸಿ ಸುತ್ತಲ ಹಳ್ಳಿಗಳಿಂದ ಟರ್ಮಿನಲ್‌ಗೆ ಸಾಮಾನ್ಯ ಬಸ್ಸು ಬರಬೇಕು. ನಮ್ಮ ಬಸ್ಸಿನ ಪಕ್ಕದಲ್ಲೇ ಅವಳದೂ ನಿಲ್ಲಬೇಕು.

ರೈಲಿನ ವಿಷಯಕ್ಕೆ ಬಂದರೆ ನನಗೆ ಸಂಕಟವಾಗುತ್ತದೆ. ನಾನು ಬದುಕುತ್ತಿರುವ ದೆಹಲಿಯಲ್ಲಿ ವಿಮಾನ ನಿಲ್ದಾಣದ ಮೆಟ್ರೊ 2011ರ ಫೆಬ್ರವರಿಯಲ್ಲೇ ಶುರುವಾಯಿತು. ಟರ್ಮಿನಲ್‌ನ ಕೆಳಗೆ ಹತ್ತಿದರೆ ಇಪ್ಪತ್ತು ನಿಮಿಷಕ್ಕೆ ನವದೆಹಲಿ ರೈಲು ನಿಲ್ದಾಣ. ಅಲ್ಲಿಂದ ಉತ್ತರ ಭಾರತದ ಯಾವ ಊರಿಗೆ ಬೇಕಾದರೂ ರೈಲು. ಚೆನ್ನೈಯಲ್ಲಿ ನಿಲ್ದಾಣದ ಎದುರಿಗೇ ತಿರುಸೂಲಂನ ಉಪನಗರ ರೈಲು ಇದೆ, 2016ರಿಂದ ಮೆಟ್ರೊವೂ ಇದೆ. ನಮ್ಮಲ್ಲಿ ಹಳಿ ಇಲ್ಲ ಎನ್ನುವಂತಿಲ್ಲ. ಯಲಹಂಕದಿಂದ ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿ ವಿಮಾನ ನಿಲ್ದಾಣದ ಬೇಲಿಯ ಬದಿಗೇ ಇದೆ. 2021ರ ಜನವರಿ 4ರಂದು ಅಲ್ಲಿ ಒಂದು ಹಾಲ್ಟ್ ತೆರೆದರು. ಸಣ್ಣ ಪ್ಲಾಟ್‌ಫಾರಂ, ಚೊಕ್ಕವಾದ ಕಟ್ಟಡ. ಮೆಜೆಸ್ಟಿಕ್ ಎದುರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ಟಿಕೆಟ್ಟು ಒಂದು ಲೋಟ ಕಾಫಿಯ ಬೆಲೆಗಿಂತ ಹೆಚ್ಚಿಲ್ಲ. ಆದರೆ ಅದು ಒಂಟಿ ಹಳಿ, ದಿನಕ್ಕೆ ಬೆರಳೆಣಿಕೆಯ ರೈಲುಗಳು, ಹಾಲ್ಟ್‌ನಿಂದ ಟರ್ಮಿನಲ್‌ಗೆ ಮತ್ತೆ ಬಸ್ಸು ಹಿಡಿಯಬೇಕು. ವಿಮಾನದ ಸಮಯಕ್ಕೂ ರೈಲಿನ ಸಮಯಕ್ಕೂ ಕೂಡಿಬಂದರೆ ಅದು ಪುಣ್ಯ. ಒಮ್ಮೆ ನನಗೆ ಹಾಗೆ ಕೂಡಿಬಂತು. ದೊಡ್ಡಜಾಲದ ಹತ್ತಿರ ದ್ರಾಕ್ಷಿ ಚಪ್ಪರಗಳ ಪಕ್ಕದಲ್ಲಿ, ಟ್ರಾಫಿಕ್ಕಿನ ಸದ್ದೇ ಇಲ್ಲದೆ, ಬಾಗಿಲಲ್ಲಿ ನಿಂತು ಗಾಳಿ ಕುಡಿಯುತ್ತ ಹೋದದ್ದು ಇನ್ನೂ ಮೈಯಲ್ಲಿದೆ.

ಮೆಟ್ರೊ ಬರುತ್ತಿದೆ, ಇನ್ನೇನು ಎಂದು ಎಲ್ಲರೂ ಹೇಳುತ್ತಾರೆ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ನೀಲಿ ಮಾರ್ಗ, ಒಟ್ಟು 58 ಕಿಲೋಮೀಟರು. ಬಳ್ಳಾರಿ ರಸ್ತೆಯ ಉದ್ದಕ್ಕೂ ಅದರ ಕಂಬಗಳು ಎದ್ದಿವೆ, ಬಸ್ಸಿನಿಂದ ಅವುಗಳನ್ನು ಎಣಿಸುತ್ತ ಬರುವುದು ನನ್ನ ಮಗಳ ಆಟ. ಬರಲಿ, ಬೇಗ ಬರಲಿ. ಆದರೆ ನಕ್ಷೆಯನ್ನು ಬಿಡಿಸಿ ನೋಡಿ. ನೀಲಿ ಮಾರ್ಗ ನಿಲ್ದಾಣದಿಂದ ಹೆಬ್ಬಾಳಕ್ಕೆ ಬಂದು, ಅಲ್ಲಿಂದ ಪೂರ್ವಕ್ಕೆ ಹೊರಳಿ, ನಾಗವಾರ, ಕೃಷ್ಣರಾಜಪುರದ ಮೇಲೆ ಸಿಲ್ಕ್ ಬೋರ್ಡ್‌ಗೆ ಹೋಗುತ್ತದೆ. ಹೊರವರ್ತುಲ ರಸ್ತೆಯ ಕಚೇರಿಗಳಿಗೆ ಅದು ವರ. ಮೆಜೆಸ್ಟಿಕ್‌ಗೆ ಅದು ಬರುವುದೇ ಇಲ್ಲ. ಮೆಜೆಸ್ಟಿಕ್ ಬೇಕಾದವರು ನಡುವೆ ಇಳಿದು ಬೇರೆ ಮಾರ್ಗ ಹಿಡಿಯಬೇಕು. ಎರಡು ಸೂಟ್‌ಕೇಸು, ಒಂದು ಚೀಲ, ಅರವತ್ತೆಂಟರ ಮಂಡಿನೋವು, ಇವುಗಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿ ಇಳಿಯುವುದನ್ನು ನಕ್ಷೆಯಲ್ಲಿ ಒಂದು ಚುಕ್ಕೆಯಾಗಿ ತೋರಿಸುತ್ತಾರೆ.

ಮೆಟ್ರೊ ಬಂದ ಮೇಲೆ ಕೆಐಎ 9 ಏಕೆ ಬೇಕು ಎಂದು ಯಾರೋ ಒಂದು ದಿನ ಕೇಳುತ್ತಾರೆ ಎಂಬ ಭಯ ನನಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊರಜಿಲ್ಲೆಯ ಬಹುತೇಕರಿಗೆ ನೆಚ್ಚಬಹುದಾದ ನೇರ ದಾರಿ ಆ ಬಸ್ಸೊಂದೇ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನಿಲ್ದಾಣದಿಂದಲೇ ಹೊರಡುತ್ತದೆ, ಒಳ್ಳೆಯದು. ಪ್ರತಿ ತಾಲ್ಲೂಕಿಗೂ ಅಂಥದೊಂದು ಬಿಡಿ ಎಂದು ಕೇಳಲು ಆಗುವುದಿಲ್ಲ. ಮೆಜೆಸ್ಟಿಕ್‌ಗೆ ಒಂದು ದಾರಿ ಗಟ್ಟಿಯಾಗಿದ್ದರೆ ಎಲ್ಲ ತಾಲ್ಲೂಕುಗಳಿಗೂ ದಾರಿ ಇದ್ದಂತೆ. ರೈಲಿನಲ್ಲಿ ಆ ಗಟ್ಟಿತನ ಬರುವುದಾದರೆ ಅದು ಉಪನಗರ ರೈಲಿನ ಸಂಪಿಗೆ ಮಾರ್ಗದಿಂದ. ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟಿದ್ದಾರೆ. ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ದೇವನಹಳ್ಳಿಗೆ, ಸುಮಾರು 41 ಕಿಲೋಮೀಟರು, ಸಂಪಿಗೆ. ಕೆಲಸ ಮೊದಲು ಶುರುವಾದದ್ದು ಮಲ್ಲಿಗೆಯದು. ಸಂಪಿಗೆಯನ್ನು ಎಲ್ಲಕ್ಕಿಂತ ಮುಂದೆ ಇಡಬೇಕಿತ್ತು ಎಂಬುದು ನನ್ನ ಅನಿಸಿಕೆ. ವಿಮಾನ, ಊರಿನ ರೈಲು, ಕೆಂಪು ಬಸ್ಸು, ಮೂರನ್ನೂ ಒಂದೇ ದಾರದಲ್ಲಿ ಕೋಯುವ ಮಾರ್ಗ ಅದೊಂದೇ.

ಊರಿನ ಕೆಲವರು ಹೆಬ್ಬಾಳದಲ್ಲೇ ಇಳಿದುಬಿಡುತ್ತಾರೆ. ಅಲ್ಲಿಂದ ಹೊರವರ್ತುಲ ರಸ್ತೆಯ ಬಸ್ಸಿನಲ್ಲಿ ಗೊರಗುಂಟೆಪಾಳ್ಯಕ್ಕೆ ಹೋದರೆ ತುಮಕೂರು ಕಡೆಯ ಎಲ್ಲ ಬಸ್ಸುಗಳೂ ಸಿಗುತ್ತವೆ, ಒಂದು ಗಂಟೆ ಉಳಿಯುತ್ತದೆ. ಕೈಯಲ್ಲಿ ಒಂದೇ ಚೀಲ ಇದ್ದಾಗ ನಾನೂ ಹಾಗೆ ಮಾಡುವುದುಂಟು. ಅಮ್ಮ ಮಾತ್ರ ಒಪ್ಪುವುದಿಲ್ಲ. ಬಸ್ಸು ಹುಟ್ಟುವ ಕಡೆಯೇ ಹತ್ತಬೇಕು ಎಂಬುದು ಅವಳ ಶಾಸ್ತ್ರ. ಗೊರಗುಂಟೆಪಾಳ್ಯಕ್ಕೆ ಬರುವಷ್ಟರಲ್ಲಿ ಕಿಟಕಿ ಸೀಟು ಯಾರದ್ದೋ ಆಗಿರುತ್ತದೆ.

ಮೆಜೆಸ್ಟಿಕ್ ನಿಂತಿರುವುದು ಒಂದು ಕೆರೆಯ ಅಂಗಳದಲ್ಲಿ. ಆ ಕೆರೆಯ ಹೆಸರು ಧರ್ಮಾಂಬುಧಿ. ಅದರ ಪಕ್ಕದ ರಸ್ತೆಗೆ ಗುಬ್ಬಿ ತೋಟದಪ್ಪನವರ ಹೆಸರು. ನಮ್ಮ ಜಿಲ್ಲೆಯ ಗುಬ್ಬಿಯಿಂದ ಬೆಂಗಳೂರಿಗೆ ಬಂದು ವ್ಯಾಪಾರ ಮಾಡಿದವರು. ರೈಲು ಇಳಿದು ಬರುವ ಊರಿನ ಜನ ಎಲ್ಲಿ ಮಲಗಬೇಕು ಎಂದು ಯೋಚಿಸಿ, ರೈಲು ನಿಲ್ದಾಣದ ಹತ್ತಿರ ಜಾಗ ಕೊಂಡು ಛತ್ರ ಕಟ್ಟಿಸಿದರು. 20ನೇ ಶತಮಾನದ ಮೊದಲ ವರ್ಷಗಳಿಂದ ಅದು ಅಲ್ಲಿದೆ. ಹಳ್ಳಿಯಿಂದ ಬಂದವನ ಕಾಲು ಮೊದಲು ಊರುವ ಜಾಗದಲ್ಲೇ ಅವನಿಗೊಂದು ಸೂರು ಇರಬೇಕು ಎಂದು ಒಬ್ಬ ವ್ಯಾಪಾರಿಗೆ ಹೊಳೆದಿತ್ತು. ದೇವನಹಳ್ಳಿಯ ಬಿದಿರು ಮನೆಯ ಮುಂದೆ ಬೆಳಗು ಬೈಗು ನಿಂತಿರುವ ಕೆಐಎ 9 ನನ್ನ ಕಣ್ಣಿಗೆ ಆ ಛತ್ರದ ಬಳಗಕ್ಕೇ ಸೇರಿದ್ದು.

ಆವತ್ತು ಅಮ್ಮ ಮತ್ತೆ ಫೋನ್ ಮಾಡಿದ್ದು ಮಧ್ಯಾಹ್ನ. ಹಿಂದೆ ಕೆಂಪು ಬಸ್ಸಿನ ಗಡಗಡ ಸದ್ದು. ದನಿ ಮೊದಲಿನಂತಾಗಿತ್ತು. "ಗುಬ್ಬಿ ದಾಟಿತು. ಮೆಜೆಸ್ಟಿಕ್‌ನಲ್ಲಿ ಎರಡು ಇಡ್ಲಿ ತಿಂದೆ. ಡ್ರೈವರ್ ಹಿಂದಿನ ಕಿಟಕಿ ಸಿಕ್ಕಿದೆ. ನೀನು ಊಟ ಮಾಡಿದೆಯಾ?" ಎಂದಳು.

ಕಳೆದ ಸಲ ಊರಿಗೆ ಹೋದಾಗ ಏನೋ ಹುಡುಕುತ್ತ ಅವಳ ಪರ್ಸು ತೆರೆದೆ. ನನ್ನ ಚೀಟಿ ಇನ್ನೂ ಅಲ್ಲೇ ಇದೆ. ಮಡಿಕೆಗಳು ಸವೆದು ಹಾಳೆ ನಾಲ್ಕು ತುಂಡಾಗುವುದರಲ್ಲಿದೆ. ಬಿಡಿಸಿದಾಗ ಒಳಗಿನಿಂದ ಎರಡು ಸಣ್ಣ ಕಾಗದಗಳು ಬಿದ್ದವು. ಆವತ್ತಿನ ಎರಡು ಟಿಕೆಟ್ಟುಗಳು, ವಾಯು ವಜ್ರದ್ದೊಂದು, ತಿಪಟೂರಿನದೊಂದು. ಯಂತ್ರದಲ್ಲಿ ಮುದ್ರಿಸಿದ ಟಿಕೆಟ್ಟಿನ ಮಸಿ ನಿಲ್ಲುವುದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಎರಡೂ ಬೆಳ್ಳಗಾಗಿವೆ. ಯಾವುದು 250ರದ್ದು, ಯಾವುದು ಸೊನ್ನೆಯದು ಎಂದು ಅಮ್ಮನಿಗೂ ಹೇಳಲಾಗಲಿಲ್ಲ. ಎರಡನ್ನೂ ಚೀಟಿಯೊಳಗೆ ಇಟ್ಟು, ಮೊದಲಿನ ಹಾಗೇ ಮಡಚಿಕೊಟ್ಟೆ.